ಎರಡು ಬೆರಳಿನ ಜಂಬ

ನನಗೆ ಜಂಬ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಮುಂದಿನದು ಸುಲಭ. ರೂಪದ ಜಂಬವಲ್ಲ, ಒಡವೆಯದ್ದೂ ಅಲ್ಲ. ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಈ ಎರಡರ ಜಂಬ. ಸೇಲಂ ಹತ್ತಿರದ ಎಡಪ್ಪಾಡಿಯ ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗ. ಯಾರ ಮನೆಗೆ ಹೊಸ ಹಾಸು ಬಂದರೂ "ಸರಸುನ ಕರೀರಿ" ಅನ್ನುತ್ತಿದ್ದರು. ಕರೆಯುವುದನ್ನೇ ಕಾಯುತ್ತಿದ್ದೆ ಅಂತ ತಿಳಿಯಬಾರದಲ್ಲ, ಹಾಗಾಗಿ ಸ್ವಲ್ಪ ತಡಮಾಡಿ, ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದೆ.

ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಗಂಟು ಹಾಕುವಂತಿಲ್ಲ. ಹಾಕಿದರೆ ನೂಲು ಮುಂದಕ್ಕೆ ಬರುವಾಗ ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡು ತುದಿ ಜೋಡಿಸಿ, ಬೆರಳಿಗೆ ಚೂರು ಬೂದಿ ಮುಟ್ಟಿಸಿ, ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಮುಂದಕ್ಕೆ ಹೊಸೆದರೆ ಎರಡೂ ಒಂದಾಗಬೇಕು. ಒಂದು ಹಾಸಿನಲ್ಲಿ ನಾಲ್ಕು ಸಾವಿರ ಚಿಲ್ಲರೆ ಎಳೆ ಇರುತ್ತದೆ. ಅಷ್ಟನ್ನೂ ಹೀಗೆಯೇ ಹೊಸೆಯಬೇಕು.

ನಮ್ಮ ಮನೆಯಲ್ಲಿ ಇದಕ್ಕೊಂದು ಪಂದ್ಯ ಇದೆ. ನನ್ನ ಅತ್ತೆಯ ಅತ್ತೆ ಶುರುಮಾಡಿದ್ದಂತೆ. ಇಬ್ಬರು ಹೆಂಗಸರು ಹಾಸಿನ ಎರಡು ಅಂಚಿನಲ್ಲಿ ಕೂತು ನಡುವಿನ ಕಡೆಗೆ ಕೆಚ್ಚುತ್ತ ಬರಬೇಕು. ಸರಿಯಾಗಿ ನಡುಮಧ್ಯದ ಎಳೆಗೆ ಒಂದು ಕೆಂಪು ನೂಲು ಕಟ್ಟಿರುತ್ತದೆ. ಅದನ್ನು ಮೊದಲು ಮುಟ್ಟಿದವರು ಗೆದ್ದ ಹಾಗೆ. ಸೋತವರು "ಸೋತೆ" ಅಂತ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಮಗ್ಗದ ಮನೆಯಲ್ಲಿ ಇರುವವರಿಗೆಲ್ಲ ಕೇಳಬೇಕು. ಹೇಳದವರಿಗೆ ಮುಂದಿನ ಹಾಸಿನ ಎದುರು ಜಾಗವಿಲ್ಲ. ಇದೇನು ಕಟ್ಟುನಿಟ್ಟು ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಮನ್ಸಲ್ಲಿ ಮುನಿಸು ಇಟ್ಕಂಡು ಕೂತ್ರೆ ಬೆರಳು ಬಿಗೀತೈತೆ ಅಮ್ಮಣಿ, ಎಳೆ ಕಿತ್ತೋಯ್ತದೆ" ಅಂದಿದ್ದರು ಅತ್ತೆ.

ಮೊದಲ ಎರಡು ವರ್ಷ ನಾನು ಸೋತೆ, ಹೇಳಿದೆ. ಆಮೇಲಿನ ಇಪ್ಪತ್ತು ವರ್ಷ ಆ ಮಾತು ನನ್ನ ಬಾಯಿಂದ ಬರುವ ಪ್ರಸಂಗವೇ ಬರಲಿಲ್ಲ. ಬೂದಿ ಬಟ್ಟಲು ನನ್ನ ಬಲಗಡೆ, ಅತ್ತೆ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಕೆಂಪು ನೂಲು ದಾಟಿ ಅವರ ಪಾಲಿನದ್ದನ್ನೂ ನಾಲ್ಕು ಬೆರಳಗಲ ಕೆಚ್ಚಿ, "ಏನತ್ತೆ, ನಿದ್ದೆ ಬಂತಾ?" ಅಂತ ಕೆಣಕುತ್ತಿದ್ದೆ. ಅವರು ನಗುತ್ತ "ಸೋತೆ ಕಣಮ್ಮ ತಾಯಿ" ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ಅದು ಎಷ್ಟು ಸುಲಭವಾಗಿ ಬರುತ್ತದಲ್ಲ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಇಡ್ಲಿ ತಿಂದು ಕಾಫಿ ಲೋಟ ಎತ್ತಿದೆ. ಲೋಟ ಕೈಯಲ್ಲಿ ನಿಲ್ಲಲಿಲ್ಲ. ಲೋಟ ಸರಿಯಾಗಿ ತೊಳೆದಿಲ್ಲ ಅಂತ ಮಗಳನ್ನು ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಏನೋ ಗೊಣಗಾಟ ಬಂತು. ಮಗಳು ನಿತ್ಯಾ ಆಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು, ರಜೆಗೆಂದು ಮನೆಯಲ್ಲಿದ್ದಳು. ನನ್ನ ಮುಖ ನೋಡಿದವಳೇ ಮಗ್ಗದ ಮನೆಗೆ ಓಡಿದಳು. ಅಲ್ಲಿ ನೇಯುತ್ತಿದ್ದ ನಮ್ಮವರು, ಅವಳ ಅಪ್ಪ, ಲಾಳಿ ಕೈಯಲ್ಲಿ ಹಿಡಿದುಕೊಂಡೇ ಬಂದರು. ಸೇಲಂ ಮುಟ್ಟುವ ತನಕ ಆ ಲಾಳಿ ಅವರ ಕೈಯಲ್ಲೇ ಇತ್ತಂತೆ. ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಇದೇನು ಅಂತ ಕೇಳಿದ ಮೇಲೆಯೇ ಅವರಿಗೆ ಗೊತ್ತಾಗಿದ್ದು.

ಮೆದುಳಿಗೆ ಹೋಗುವ ರಕ್ತ ಒಂದು ಕಡೆ ಕಟ್ಟಿಕೊಂಡಿದೆ, ಬೇಗ ಕರೆತಂದಿದ್ದು ಒಳ್ಳೆಯದಾಯಿತು ಅಂದರು. ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ. ಹೊದಿಕೆಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಬಲಗೈ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಹೊಸೆಯಲು ನೋಡುತ್ತಿದ್ದೆ. ಅದು ಅಲುಗಲಿಲ್ಲ. ಡಾಕ್ಟರು ಬಂದು ಕಾಲು ಎತ್ತಿ ಅಂದರು, ಕಣ್ಣು ಮುಚ್ಚಿ ಅಂದರು, ಹಲ್ಲು ತೋರಿಸಿ ಅಂದರು. ಆದಷ್ಟು ಮಾಡಿದೆ. ಬೆರಳು ಹೊಸೆಯಿರಿ ಅಂತ ಯಾರೂ ಕೇಳಲಿಲ್ಲ. ಅದೊಂದನ್ನು ಕೇಳದಿರಲಿ ಅಂತ ದೇವರಿಗೆ ಹರಕೆ ಹೊತ್ತುಕೊಂಡೆ.

ಮೂರನೇ ದಿನಕ್ಕೆ ಮಾತು ಬಂತು. ಆದರೆ ಬಂದದ್ದು ಕನ್ನಡ ಮಾತ್ರ. ನಾವು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಜನ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಕೊಳ್ಳೇಗಾಲದ ಕಡೆಯಿಂದ ಬಂದ ನನ್ನ ಅಮ್ಮ, ಅದೂ ಮನೆಯಲ್ಲಿ ಬಳಪ ಹಿಡಿಸಿ. ನಲವತ್ತೇಳು ವರ್ಷ ಆಡಿದ ತಮಿಳು ಎಲ್ಲಿ ಅಡಗಿ ಕೂತಿತೋ, ನರ್ಸಮ್ಮ "ಉಂಗ ಪೇರು ಎನ್ನಮ್ಮಾ?" ಅಂತ ಹೆಸರು ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ "ನನ್ನೆಸ್ರು ಸರಸು ಕಣಮ್ಮ" ಅಂತ ಕನ್ನಡದಲ್ಲೇ ಉದುರುತ್ತಿತ್ತು. ಹಾಗಾಗಿ ಬಲಿಬಿದ್ದವಳು ನಿತ್ಯಾ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳದ್ದು ಯಾವಾಗಲೂ ತಮಿಳಿನಲ್ಲೇ ಉತ್ತರ. ಈಗ ನರ್ಸಮ್ಮನಿಗೂ ನನಗೂ ನಡುವೆ ನಿಂತು ಎರಡನ್ನೂ ಆಡಬೇಕಾಯಿತು. "ಅಮ್ಮಾ, ನಿಂಗೆ ತಲೆ ಸುತ್ತು... ಸುತ್ತು ಬರ್ತೈತಾ, ಇಲ್ಲ ಸುತ್ತೋದು ನಿಂತೋಯ್ತಾ?" ಅಂತ ಒದ್ದಾಡುತ್ತಿದ್ದಳು. ನನ್ನ ಮಗಳು ನನ್ನ ಮಾತಿನಲ್ಲಿ ಮಾತಾಡುವುದನ್ನು ಕೇಳಲು ಇನ್ನೆರಡು ದಿನ ತಮಿಳು ಬರದಿದ್ದರೂ ಪರವಾಗಿಲ್ಲ ಅನ್ನಿಸಿದ್ದು ನಿಜ. ಮೂರು ವಾರಕ್ಕೆ ತಮಿಳೂ ಬಂತು. ಅದರ ಎರಡು ದಿನ ಮೊದಲೇ ಬಂದಿತ್ತು, ನಾನು ಹೇಳಿರಲಿಲ್ಲ.

ಈ ಕನ್ನಡದಿಂದಲೇ ನನಗೆ ಮಾದಮ್ಮ ಸಿಕ್ಕಿದ್ದು. ಕೈಕಾಲಿಗೆ ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ ಒಂದು ಉದ್ದನೆ ಬೆಂಚು. ಅಲ್ಲಿ ನಮ್ಮ ಸರದಿಗಾಗಿ ಗಂಟೆಗಟ್ಟಲೆ ಕೂರಬೇಕಿತ್ತು. ಎಲ್ಲರೂ ಗೋಡೆ ನೋಡುತ್ತ ಕೂತಿರುತ್ತಿದ್ದರು. ಮೊದಲ ದಿನವೇ ನಾನು ನಿತ್ಯಾಳ ಮೇಲೆ ಏನೋ ರೇಗಿದೆ. ಬೆಂಚಿನ ಆ ತುದಿಯಿಂದ ಒಬ್ಬ ಹೆಂಗಸು ಕತ್ತು ಚಾಚಿದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಹಣೆಯ ತುಂಬ ಕುಂಕುಮ.

"ಯಾವೂರವ್ವ ನಿಂದು? ನಮ್ ಮಾತಾಡ್ತೀಯ."

"ಎಡಪ್ಪಾಡಿ. ನಿಮ್ದು?"

"ಮಾರಂಡಹಳ್ಳಿ. ರಾಗಿ, ಟೊಮೇಟೊ, ಎರಡು ಅಸ. ಮಗಳ್ನ ಸೇಲಂಗೆ ಕೊಟ್ಟೀವಿ, ಅವಳ ಮನೇಲಿ ಇದ್ದು ಇಲ್ಲಿಗೆ ಬತ್ತಾ ಇವ್ನಿ. ನಿಂಗೆ ಯಾವ ಕಡೆ ಓಗೈತೆ?"

"ಬಲಗಡೆ."

"ನಂಗೆ ಎಡಗಡೆ. ಬಾ, ಇಲ್ಲಿ ಕೂತ್ಕ. ಇಬ್ರೂ ಸೇರಿದ್ರೆ ಒಂದಾಳಾಯ್ತೀವಿ."

ಆಸ್ಪತ್ರೆಗೆ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಆಗ. ಅವಳ ಮಡಿಲಲ್ಲಿ ಒಂದು ಕಿತ್ತಳೆ ಹಣ್ಣಿತ್ತು. ಒಂದು ಗಂಟೆಯಿಂದ ಅದನ್ನು ಹೇಗೆ ಸುಲಿಯುವುದು ಅಂತ ಯೋಚಿಸುತ್ತಿದ್ದಳಂತೆ. ಅವಳು ಬಲಗೈಯಲ್ಲಿ ಹಣ್ಣು ಹಿಡಿದಳು, ನಾನು ಎಡಗೈ ಉಗುರಿನಿಂದ ಸಿಪ್ಪೆ ಬಿಡಿಸತೊಡಗಿದೆ. ಅವಳು ತಿರುಗಿಸಿದ ಕಡೆಗೆ ನಾನು ಹೋಗುತ್ತಿರಲಿಲ್ಲ, ನಾನು ಹೋದ ಕಡೆಗೆ ಅವಳು ತಿರುಗಿಸುತ್ತಿರಲಿಲ್ಲ. ಹಣ್ಣು ಪಿಚ್ಚೆಂದು ಒಡೆದು ಪಕ್ಕದಲ್ಲಿ ಕೂತಿದ್ದ ಯಜಮಾನರ ಬಿಳಿ ಅಂಗಿಗೆ ರಸ ಹಾರಿತು. ಅವರಿಗೆ ತಿಂಗಳಿನಿಂದ ಮಾತು ನಿಂತಿತ್ತಂತೆ. ಅವರು ಅಂಗಿ ನೋಡಿಕೊಂಡರು, ನಮ್ಮನ್ನು ನೋಡಿದರು, ಭುಜ ಕುಣಿಸಿಕೊಂಡು ನಗಲು ಶುರುಮಾಡಿದರು. ಆಮೇಲೆ ಇಡೀ ಬೆಂಚು ನಕ್ಕಿತು. ಅವತ್ತಿನಿಂದ ದಿನಾ ಒಂದು ಕಿತ್ತಳೆ ನಮ್ಮಿಬ್ಬರಿಗೆ ಕಡ್ಡಾಯವಾಯಿತು. ಒಳಗೆ ಮಾಡಿಸುವ ವ್ಯಾಯಾಮಕ್ಕಿಂತ ನಮಗೆ ಇದರಿಂದಲೇ ಗುಣ ಕಂಡಿತು ಅಂತ ಮಾದಮ್ಮ ಇಂದಿಗೂ ವಾದಿಸುತ್ತಾಳೆ.

ಮನೆಗೆ ಬಂದ ಮೇಲೆ ಒಂದೊಂದೇ ಕೆಲಸ ವಾಪಸು ಬಂತು. ನಡಿಗೆ ಬಂತು. ಅನ್ನ ಕಲಸುವಷ್ಟು ಕೈ ಬಂತು. ಬಾಚಣಿಗೆ ಹಿಡಿದೆ, ರವಿಕೆಯ ಗುಂಡಿ ಹಾಕಿಕೊಂಡೆ. ಉಪ್ಪಿನಕಾಯಿ ಕೂಡದು ಅಂದಿದ್ದಕ್ಕೆ ಅತ್ತೆ ತಾವೂ ಬಿಟ್ಟೆ ಅಂತ ಎಲ್ಲರೆದುರು ಸಾರಿದರು. ಜಾಡಿಯಲ್ಲಿ ಉಪ್ಪಿನಕಾಯಿ ಇಳಿಯುತ್ತಲೇ ಇತ್ತು, ನಾನೂ ಕೇಳಲಿಲ್ಲ. ನೋಡಲು ಬಂದವರೆಲ್ಲ "ಅಂಗೇ ಇದ್ದೀಯಲ್ಲಾ, ಏನೂ ಆಗೇ ಇಲ್ಲ ಅನ್ನಂಗೆ" ಅಂದು ಹೋಗುತ್ತಿದ್ದರು. ನಾನೂ ಹೌದು ಹೌದು ಅನ್ನುತ್ತಿದ್ದೆ.

ಅದು ನಿಜವಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಆ ಎರಡು ಬೆರಳು ಅಲುಗುತ್ತಿದ್ದವು, ಹೊಸೆಯುತ್ತಲೂ ಇದ್ದವು, ಆದರೆ ಅವುಗಳ ತುದಿಗೆ ಏನೂ ತಿಳಿಯುತ್ತಿರಲಿಲ್ಲ. ದಪ್ಪ ಬಟ್ಟೆ ಸುತ್ತಿಕೊಂಡು ಮುಟ್ಟಿದ ಹಾಗೆ. ಕಣ್ಣು ಮುಚ್ಚಿ ಅಕ್ಕಿಕಾಳು ಹಿಡಿದರೆ ಕಾಳು ಇದೆಯೋ ಬಿದ್ದುಹೋಯಿತೋ ಗೊತ್ತಾಗದು. ಇದನ್ನು ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಕೂತರೆ ತಾನಾಗೇ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಐದನೇ ತಿಂಗಳಿನಲ್ಲಿ ನಮ್ಮ ಮಗ್ಗಕ್ಕೆ ಹೊಸ ಹಾಸು ಬಂತು. ಅತ್ತೆ ಒಬ್ಬರೇ ಕೆಚ್ಚುತ್ತೇನೆ ಅಂದರು. ನಾನು ಮಾತು ಕೇಳಲಿಲ್ಲ. ಹೋಗಿ ನನ್ನ ತುದಿಯಲ್ಲಿ ಕೂತೆ, ಬೂದಿ ಬಟ್ಟಲನ್ನು ಬಲಗಡೆಗೆ ಇಟ್ಟುಕೊಂಡೆ. ಎಳೆಗಳನ್ನು ಕಣ್ಣಿಂದ ನೋಡುತ್ತ, ಹೊಸೆಯುತ್ತ ಹೋದೆ. ಅತ್ತೆಗಿಂತ ಮೊದಲು ಕೆಂಪು ನೂಲು ಮುಟ್ಟಲೇಬೇಕೆಂಬ ಹಟ. ಬೆರಳಿನ ನಡುವೆ ಎರಡೂ ಎಳೆ ಇವೆಯೋ ಒಂದೇ ಇದೆಯೋ ಅಂತ ಬೆರಳು ಹೇಳಬೇಕಿತ್ತು, ಅದು ಹೇಳಲಿಲ್ಲ. ನಿಂತು ಪರೀಕ್ಷಿಸುವ ವ್ಯವಧಾನ ನನಗಿರಲಿಲ್ಲ. ಸಂಜೆಗೆ ಮುಟ್ಟಿದೆ. ಅತ್ತೆ ಎಂದಿನಂತೆ "ಸೋತೆ ಕಣಮ್ಮ" ಅಂದರು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಮ್ಮವರು ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದರು. ಕೆಚ್ಚಿದ ಜಾಗ ಹಣಿಗೆಯನ್ನು ದಾಟಬೇಕು, ಆಗಲೇ ಕೆಚ್ಚಿದವರ ಬಂಡವಾಳ ಬಯಲಾಗುವುದು. ಅತ್ತೆಯ ಅರ್ಧ ಸರಾಗವಾಗಿ ದಾಟಿತು. ನನ್ನ ಅರ್ಧದಲ್ಲಿ ಮೊದಲು ನಾಲ್ಕು ಎಳೆ ಬಿಟ್ಟುಕೊಂಡವು, ಆಮೇಲೆ ಹತ್ತು, ಆಮೇಲೆ ಎಣಿಸುವ ಹಾಗೇ ಇರಲಿಲ್ಲ. ಬಿಟ್ಟುಕೊಂಡ ತುದಿಗಳು ಒಂದಕ್ಕೊಂದು ಸುತ್ತಿಕೊಂಡು ಹಣಿಗೆಯ ಹಿಂದೆ ಗೋಜಲಾಗಿ ನಿಂತವು. ನಮ್ಮವರು ಬಗ್ಗಿ ಒಂದೊಂದೇ ಎಳೆ ಬಿಡಿಸತೊಡಗಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಎಷ್ಟೋ ಹಗುರವಾಗುತ್ತಿತ್ತು. "ನೂಲೇ ಸರಿ ಇಲ್ಲ, ಗಂಜಿ ಸಾಲ್ದು" ಅಂದೆ. ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತರು.

"ಅಮ್ಮಣಿ, ಸೋತೆ ಅಂತ ಏಳು."

"ಕೆಂಪು ನೂಲು ಮೊದ್ಲು ಮುಟ್ದೋಳು ನಾನು."

"ನನ್ ಅತ್ರ ಸೋತೆ ಅಂತ ಏಳು ಅನ್ನಲಿಲ್ಲ. ಮೈಗೆ ಬಂದೈತಲ್ಲ ಕಾಯಿಲೆ, ಅದರ ಅತ್ರ ಏಳು."

ನಾನು ಎದ್ದು ಅಡುಗೆಮನೆಗೆ ಹೋದೆ. ಕೆಚ್ಚಿದ್ದು ಬಿಡಿಸಿ ಸರಿಮಾಡಲು ಅತ್ತೆಗೂ ನಮ್ಮವರಿಗೂ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಾನು ಮಗ್ಗದ ಮನೆಗೆ ಕಾಲಿಡಲಿಲ್ಲ. ಮುಂದಿನ ಹಾಸು ಬಂದಾಗ ಅತ್ತೆ ಪಕ್ಕದ ಮನೆಯಿಂದ ಒಬ್ಬಳನ್ನು ಕರೆಸಿಕೊಂಡರು. ನನ್ನ ಜಾಗದಲ್ಲಿ ಅವಳು ಕೂತಳು. ಹೇಳದವರಿಗೆ ಜಾಗವಿಲ್ಲ. ನಾನು ಒಳಗೆ ಈರುಳ್ಳಿ ಹೆಚ್ಚುತ್ತ, ಆ ಈರುಳ್ಳಿಯ ನೆವದಲ್ಲೇ ಅತ್ತುಬಿಟ್ಟೆ.

ಆ ವಾರ ಸೇಲಂಗೆ ತೋರಿಸಲು ಹೋಗುವುದಿತ್ತು. ವ್ಯಾಯಾಮ ಮಾಡಿಸುವ ಮೇಡಂ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಮೊದಲಿನಿಂದ ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಆ ಎರಡು ಬೆರಳಿಗೆ ತಿಳಿವು ಯಾವಾಗ ಬರುತ್ತದೆ ಅಂತ ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. "ಅಕ್ಕಾ, ಉಣ್ಮೈಯ ಸೊಲ್ಲಟ್ಟುಮಾ?" ಅಂದಳು. ನಿಜ ಹೇಳಲೇ ಅಂತ. ನಿಜವೇನೆಂದು ಆ ಪ್ರಶ್ನೆಯಲ್ಲೇ ತಿಳಿಯಿತು. ಇನ್ನೂ ಸ್ವಲ್ಪ ಬರಬಹುದು, ಮೊದಲಿನಷ್ಟು ಸೂಕ್ಷ್ಮ ಬರುತ್ತದೆ ಅಂತ ಸುಳ್ಳು ಹೇಳಲಾರೆ, ಆದರೆ ಎಡಗೈ ಇದೆಯಲ್ಲ ಅಕ್ಕಾ, ಅದನ್ನು ಪಳಗಿಸಿ ಅಂದಳು. ಎಡಗೈ ಅಂದದ್ದಕ್ಕೆ ನನಗೆ ಮೈ ಉರಿದುಹೋಯಿತು. ನಲವತ್ತೇಳು ವರ್ಷ ಚೊಂಬು ಎತ್ತಲು ಮಾತ್ರ ಬಳಸಿದ ಕೈಯದು.

ಹೊರಗೆ ಬೆಂಚಿನ ಮೇಲೆ ಮಾದಮ್ಮ ಕಿತ್ತಳೆ ಹಿಡಿದು ಕೂತಿದ್ದಳು. ಅವಳದ್ದೂ ಅಂದು ಕೊನೆಯ ಸಲ, ಮಾರನೇ ದಿನ ಊರಿಗೆ ಹೊರಡುವವಳಿದ್ದಳು. ನಾನು ಎಲ್ಲವನ್ನೂ ಅವಳೆದುರು ಕಾರಿಕೊಂಡೆ. ಅವಳು ಪೂರ್ತಿ ಕೇಳಿದಳು.

"ನನ್ ಎಡಗೈ ಬರಲ್ಲ ಅಂತ ಎರಡು ತಿಂಗಳ ಇಂದೇನೇ ಏಳವ್ರೆ" ಅಂದಳು.

"ಮತ್ತೆ ನಂಗೆ ಏಳಲೇ ಇಲ್ಲ?"

"ಏಳಿದ್ರೆ ನೀನು ಅತ್ತಿರೋಳು, ಕಿತ್ತಳೆ ಯಾರು ಸುಲೀತಿದ್ರು? ನಾನೂ ಒಂದಿನ ಪೂರ್ತಿ ಅತ್ತೆ ಕಣವ್ವ. ಆಮೇಲೆ ಮಗಳಿಗೆ ಏಳಿದೆ, ಎಡಗೈ ಓಯ್ತು ಅಂತ. ಓಯ್ತು ಅಂದ್ಮೇಲೆ ಬಲಗೈ ಕಡೆ ನೋಡಕ್ಕೆ ಪುರಸೊತ್ತಾಯ್ತು. ಓದ ವಾರ ಊರಿಗೆ ಓಗಿದ್ದಾಗ ಒಂದೇ ಕೈಯಲ್ಲಿ ಆಲು ಕರೆದೆ. ಒಂದೊತ್ತು ಇಡೀತು. ಅಸಗೆ ಏನು ಗೊತ್ತು ನಂಗೆ ಎಷ್ಟು ಕೈ ಅಂತ, ನಿಂತ್ಕಂಡಿತ್ತು ಪಾಪ."

ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಹಸುವೇ ಕಣ್ಣ ಮುಂದೆ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಮಗ್ಗದ ಮನೆಗೆ ಹೋದೆ. ಅತ್ತೆ ರಾಟೆ ತಿರುಗಿಸುತ್ತಿದ್ದರು, ನಮ್ಮವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ನಿತ್ಯಾ ಫೋನು ನೋಡುತ್ತ ಕೂತಿದ್ದಳು. ಎಲ್ಲರಿಗೂ ಕೇಳಬೇಕಲ್ಲ ಅಂತ ಗಂಟಲು ಸರಿಮಾಡಿಕೊಂಡೆ.

"ಬಲಗೈ ವಿಷ್ಯದಲ್ಲಿ ನಾನು ಸೋತೆ ಅತ್ತೆ."

ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಮಗ್ಗ ನಿಂತಿತು. ರಾಟೆ ಮಾತ್ರ ನಿಲ್ಲಲಿಲ್ಲ. ಅತ್ತೆ ಕದಿರಿನ ಮೇಲೆ ಕಣ್ಣಿಟ್ಟುಕೊಂಡೇ, "ಸರಿ, ಕಾಲು ತೊಳ್ಕಂಡು ಬಾ, ಇನ್ನೊಂದು ಕೈ ಏನ್ ಮಾಡ್ತೈತೆ ನೋಡಾಣ" ಅಂದರು. ಅವರ ಕಣ್ಣಲ್ಲೂ ನೀರಿತ್ತು ಅಂತ ನಿತ್ಯಾ ಆಮೇಲೆ ಹೇಳಿದಳು.

ಅವತ್ತಿನಿಂದ ಎಡಗೈಗೆ ಶಾಲೆ ಶುರುವಾಯಿತು. ಕಿಟಕಿಯ ಸರಳಿಗೆ ಹಳೆಯ ಹಾಸಿನ ಒಂದು ತುಂಡು ಕಟ್ಟಿಕೊಟ್ಟರು ನಮ್ಮವರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಕೂತು ಹೊಸೆಯುವುದು. ಎಡಗೈ ಹೆಬ್ಬೆರಳು ದಡ್ಡತನದಲ್ಲಿ ಒಂದು ಕೈ ಮೇಲು. ಮೊದಲ ವಾರ ಎಳೆ ಹಿಡಿಯಲೇ ಬರಲಿಲ್ಲ. ಎರಡನೇ ವಾರ ಹಿಡಿಯಿತು, ತಿಳಿವೂ ಚೆನ್ನಾಗಿತ್ತು. ಎರಡು ಎಳೆ ಇವೆ ಅಂತ ಬೆರಳು ಹೇಳುತ್ತಿತ್ತು, ಆ ಸುಖ ಎಷ್ಟು ದಿನವಾಗಿತ್ತು ಅನುಭವಿಸಿ. ಆದರೆ ಹೊಸೆದದ್ದು ನಿಲ್ಲುತ್ತಿರಲಿಲ್ಲ. ಬಲಗೈಯಲ್ಲಿ ಮಾಡುತ್ತಿದ್ದ ಹಾಗೆಯೇ ಹೆಬ್ಬೆರಳನ್ನು ಮುಂದಕ್ಕೆ ತಳ್ಳಿ ಹೊಸೆಯುವುದು, ಎಳೆದು ನೋಡಿದರೆ ಮೆತ್ತಗೆ ಬಿಚ್ಚಿಕೊಳ್ಳುವುದು. ಬೂದಿ ಬದಲಾಯಿಸಿದೆ. ಕೈ ತೊಳೆದೆ. ತೊಳೆಯದೆ ನೋಡಿದೆ. ಎರಡು ತಿಂಗಳು ಇದೇ ಪಾಡು. ಅತ್ತೆಗೂ ತಲೆ ಓಡಲಿಲ್ಲ, ನಮ್ಮ ಬೀದಿಯಲ್ಲಿ ಎಡಗೈಯಲ್ಲಿ ಕೆಚ್ಚಿದವರನ್ನು ಅವರು ಕಂಡೇ ಇರಲಿಲ್ಲ. ಆದರೆ ಒಂದು ವಿಚಿತ್ರವಾಗಿತ್ತು. ದಿನಾ ಸಂಜೆ ಅತ್ತೆ ಬಂದು "ಇವತ್ತು?" ಅಂತ ಕೇಳುವರು, ನಾನು "ಇವತ್ತೂ ಸೋತೆ" ಅನ್ನುವೆ. ಮೊದಲ ಸಲ ಎದೆ ಹಿಂಡಿ ಬಂದ ಮಾತು ಈಗ ಕಾಫಿ ಕೇಳಿದಷ್ಟು ಸಲೀಸಾಗಿ ಬರುತ್ತಿತ್ತು. ಹೇಳಿ ಮುಗಿಸಿ ಮಾರನೇ ದಿನ ಮತ್ತೆ ಕೂರುತ್ತಿದ್ದೆ.

ಮಾದಮ್ಮ ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. ಒಂದು ಭಾನುವಾರ, ಕರುವಿಗೆ ಹಗ್ಗ ಹೊಸೆಯುತ್ತಿದ್ದೇನೆ, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡಿದ್ದೇನೆ ಅಂದಳು. ನನ್ನ ಗೋಳು ನಾನು ಹೇಳಿದೆ.

"ಯಾವ ಕಡೀಕೆ ಒಸೀತೀಯ?"

"ಮುಂದಕ್ಕೆ. ಯಾವಾಗ್ಲೂ ಮುಂದಕ್ಕೇ ಅಲ್ವಾ."

ಆ ಕಡೆ ಅವಳು ನಕ್ಕ ಸದ್ದು.

"ನಮ್ ಮಾವ ಎಡಚ ಕಣವ್ವ. ಅವ್ರು ಒಸೆದ ಅಗ್ಗ ಎಲ್ಲಾ ಎಡಹುರಿ, ನಮ್ದು ಬಲಹುರಿ. ಎರಡೂ ಸೇರಿಸಿದ್ರೆ ಒಂದನ್ನೊಂದು ಬಿಚ್ಚಾಕ್ತಿದ್ವು. ಬಲಗೈಲಿ ಮುಂದಕ್ಕೆ ಒಸೆದ್ರೆ ಒಂದು ಉರಿ, ಎಡಗೈಲಿ ಮುಂದಕ್ಕೆ ಒಸೆದ್ರೆ ಅದರ ತಿರುಗು ಉರಿ. ನಿನ್ ನೂಲಿನ ಉರೀನ ನೀನೇ ಬಿಚ್ತಾ ಇದೀಯ. ಎಬ್ಬೆರಳ್ನ ಇಂದಕ್ಕೆ ಎಳಿ."

ಹುರಿ ಅಂದರೆ ನೂಲಿನೊಳಗಿನ ತಿರುವು. ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವಳು ನಾನು, ರಾಗಿ ಬೆಳೆಯುವವಳು ಅದನ್ನು ನನಗೆ ಹೇಳಬೇಕಾಯಿತು. ಫೋನನ್ನು ಹಾಗೇ ಕೆಳಗಿಟ್ಟು ಕಿಟಕಿಯ ಹತ್ತಿರ ಹೋದೆ. ಎರಡು ತುದಿ ಜೋಡಿಸಿ, ಬೂದಿ ಮುಟ್ಟಿಸಿ, ಎಡಗೈ ಹೆಬ್ಬೆರಳನ್ನು ನನ್ನ ಕಡೆಗೆ, ಹಿಂದಕ್ಕೆ ಎಳೆದೆ. ಬಲಗೈಯ ನೆನಪೆಲ್ಲ ಅದು ತಪ್ಪು ಅಂತ ಬೊಬ್ಬೆ ಹಾಕುತ್ತಿತ್ತು. ಎಳೆ ಜಗ್ಗಿದೆ. ನಿಂತಿತು. ಇನ್ನೊಂದು. ಅದೂ ನಿಂತಿತು. ಹತ್ತು ಎಳೆ ಮುಗಿಸಿ "ಅತ್ತೆ" ಅಂತ ಕೂಗಿದೆ. ಅತ್ತೆ ಒಂದೊಂದನ್ನೂ ಜಗ್ಗಿ ನೋಡಿದರು, ಹತ್ತನೆಯದನ್ನು ಎರಡು ಸಲ ಜಗ್ಗಿದರು. ಕೆಳಗಿಟ್ಟ ಫೋನಿನಿಂದ ಮಾದಮ್ಮ "ಏನಾಯ್ತವ್ವ, ಏಳೇ" ಅಂತ ಕೂಗುತ್ತಲೇ ಇದ್ದಳು. ಅತ್ತೆಯೇ ಫೋನು ಎತ್ತಿಕೊಂಡು, ಮುಖವನ್ನೂ ನೋಡಿರದ ಆ ಹೆಂಗಸಿಗೆ "ನಿಂತೈತೆ ಕಣಮ್ಮ, ನಿನ್ ಪುಣ್ಯಕ್ಕೆ ನಿಂತೈತೆ" ಅಂದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ನನಗೆ ಫೋನು ಸಿಗಲೇ ಇಲ್ಲ.

ಆಮೇಲೆ ಮೂರು ತಿಂಗಳು ಅಭ್ಯಾಸ. ಹೋದ ತಿಂಗಳು ನಮ್ಮ ಮಗ್ಗಕ್ಕೆ ಹೊಸ ಹಾಸು ಬಂದಾಗ ಪಕ್ಕದ ಮನೆಯವಳನ್ನು ಕರೆಯಲಿಲ್ಲ. ಅತ್ತೆ ಆ ತುದಿಯಲ್ಲಿ ಕೂತರು, ನಾನು ಈ ತುದಿಯಲ್ಲಿ. ನಿತ್ಯಾ ನಡುವೆ ಕೆಂಪು ನೂಲು ಕಟ್ಟಿದಳು. ಕಟ್ಟಿದವಳು ಏಳದೆ ಅಲ್ಲೇ ಕೂತು, "ಯಾರ್ ಗೆಲ್ತೀರಾ ನೋಡ್ತೀನಿ" ಅಂದಳು, ಯಾರೂ ಒತ್ತಾಯಿಸದೆ, ಕನ್ನಡದಲ್ಲಿ. ಬೂದಿ ಬಟ್ಟಲನ್ನು ಅಭ್ಯಾಸಬಲದಿಂದ ನಾನು ಬಲಗಡೆಗೇ ಇಟ್ಟುಕೊಂಡಿದ್ದೆ. ಪ್ರತಿ ಎಳೆಗೂ ಎಡಗೈ ಮೈಮೇಲಿಂದ ಆ ಕಡೆಗೆ ದಾಟಿ ಬೂದಿ ಮುಟ್ಟಿ ವಾಪಸು ಬರಬೇಕಿತ್ತು. ಬಟ್ಟಲನ್ನು ಈ ಕಡೆ ಇಟ್ಟುಕೊಳ್ಳಬಹುದು ಅಂತ ಹೊಳೆದಿತ್ತು. ಇಡಲು ಮನಸ್ಸು ಬರಲಿಲ್ಲ.

ಕತ್ತಲಾಗುವಷ್ಟರಲ್ಲಿ ಅತ್ತೆ ಕೆಂಪು ನೂಲು ಮುಟ್ಟಿಬಿಟ್ಟರು. ಎಪ್ಪತ್ತಮೂರು ವರ್ಷ ಅವರಿಗೆ. ನಾನು ಆಗ ಇನ್ನೂ ನನ್ನ ಪಾಲಿನ ಕಾಲುಭಾಗದಲ್ಲಿದ್ದೆ. "ಏನಮ್ಮಣಿ, ನಿದ್ದೆ ಬಂತಾ?" ಅಂದರು. ಇಪ್ಪತ್ತು ವರ್ಷದ ಬಾಕಿಯನ್ನು ಒಂದೇ ಮಾತಿನಲ್ಲಿ ತೀರಿಸಿಕೊಂಡರು. "ಸೋತೆ ಅತ್ತೆ" ಅನ್ನುವಾಗ ನಗುವಿನಲ್ಲಿ ನನ್ನ ಕೈಯಲ್ಲಿದ್ದ ಎಳೆ ಕಿತ್ತುಹೋಯಿತು. ಅವರು ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿದರು. ನನ್ನ ಪಾಲಿಗೆ ಒಂದು ಎಳೆಯನ್ನೂ ಮುಟ್ಟಲಿಲ್ಲ, ಮುಟ್ಟಲೂ ಬಾರದು ಅಂತ ಅವರಿಗೆ ಗೊತ್ತಿತ್ತು. ಮೂರನೇ ದಿನ ಸಂಜೆ ನನ್ನ ಅರ್ಧ ಮುಗಿಯಿತು.

ನಾಲ್ಕನೇ ದಿನ ಬೆಳಿಗ್ಗೆ ನಮ್ಮವರು ಹಾಸು ಎಳೆದರು. ನಾನು ಹಣಿಗೆಯನ್ನೇ ನೋಡುತ್ತಿದ್ದೆ. ಅತ್ತೆಯ ಅರ್ಧ ಎಂದಿನಂತೆ ದಾಟಿತು. ನನ್ನದು ದಾಟತೊಡಗಿತು. ಒಂದು ಬೆರಳಗಲ, ಎರಡು ಬೆರಳಗಲ. ನಡುವೆ ಒಂದು ಎಳೆ ಬಿಟ್ಟುಕೊಂಡಿತು. ಸ್ವಲ್ಪ ಮುಂದೆ ಇನ್ನೊಂದು. ನಿತ್ಯಾ ಬಗ್ಗಿ ಎಣಿಸುತ್ತ ಹೋದಳು. ಕೆಚ್ಚಿದ ಸಾಲು ಪೂರ್ತಿ ಹಣಿಗೆಯ ಈಚೆಗೆ ಬಂತು.

"ಅನ್ನೊಂದು" ಅಂದಳು.

ಎರಡು ಸಾವಿರ ಚಿಲ್ಲರೆ ಎಳೆಯಲ್ಲಿ ಹನ್ನೊಂದು. ನಮ್ಮವರು ಮಗ್ಗದಿಂದ ಎದ್ದು ಹೊರಗೆ ಹೋದರು, ಕಣ್ಣಿಗೆ ಏನೋ ಬಿತ್ತು ಅಂದರು. ಅತ್ತೆ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಜೋರಾಗಿ, ಬೀದಿಗೂ ಕೇಳುವ ಹಾಗೆ ಹೇಳಿದೆ.

"ಅನ್ನೊಂದು ಸಲ ಸೋತೆ ಅತ್ತೆ."

"ಮತ್ತೆ ಕೂತ್ಕ" ಅಂದರು ಅತ್ತೆ. ಎದ್ದು ಬಂದು ನನ್ನ ಬಲಗಡೆ ಇದ್ದ ಬೂದಿ ಬಟ್ಟಲನ್ನು ಎತ್ತಿ, ಎಡಗಡೆಗೆ ಇಟ್ಟರು.